ಗೊರಕೆಗೆ ಕತ್ತರಿ ಹಾಕುವ ಮುನ್ನ

ಗೊರಕೆಯ ಆಪರೇಷನ್ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಈ ಸಂಚಿಕೆಯಲ್ಲಿ ಕೊಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇವೆ. ಉತ್ತರ ಇಎನ್‌ಟಿ ಶಸ್ತ್ರವೈದ್ಯರದು.

ನಮ್ಮ ಯಜಮಾನರಿಗೆ 46 ವರ್ಷ. ಹತ್ತು ಹನ್ನೆರಡು ವರ್ಷದಿಂದ ಗೊರಕೆ. ನಡುನಡುವೆ ಸದ್ದು ಪೂರಾ ನಿಂತುಹೋಗಿ, ಆಮೇಲೆ ಏದುಸಿರು ಬಿಟ್ಟು ಮತ್ತೆ ಶುರುವಾಗುತ್ತದೆ. ‘ಲೇಸರ್ ಚಿಕಿತ್ಸೆ, 20 ನಿಮಿಷ, ಅದೇ ದಿನ ಮನೆಗೆ’ ಎಂಬ ಜಾಹೀರಾತು ನೋಡಿದೆವು. ಮಾಡಿಸಬಹುದೇ? – ಗೃಹಿಣಿ, ದಾವಣಗೆರೆ

ಈಗಲೇ ಬೇಡ. ನಿಮ್ಮ ಪತ್ರದಲ್ಲಿ ಗೊರಕೆಗಿಂತ ಮುಖ್ಯವಾದದ್ದು ‘ಸದ್ದು ಪೂರಾ ನಿಂತುಹೋಗಿ’ ಎಂಬ ಮಾತು. ಆ ಹೊತ್ತಿನಲ್ಲಿ ಅವರ ಗಂಟಲು ಮುಚ್ಚಿಕೊಂಡಿರುತ್ತದೆ. ಎದೆ, ಹೊಟ್ಟೆ ಎಳೆದಾಡುತ್ತಿರುತ್ತವೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ಹೀಗೆ 10 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಉಸಿರು ನಿಂತರೆ ಅದನ್ನು ಅಪ್ನಿಯಾ ಎನ್ನುತ್ತೇವೆ. ಬರೀ ಗೊರಕೆ ಬೇರೆ, ಅಪ್ನಿಯಾ ಇರುವ ಗೊರಕೆ ಬೇರೆ. ಆಪರೇಷನ್ ಆಯ್ಕೆಯ ಮೊದಲ ಕವಲೇ ಇದು.

ಇಂದು ರಾತ್ರಿ ಒಂದು ಕೆಲಸ ಮಾಡಿ. ಅವರು ಅಂಗಾತ ಮಲಗಿ ಗಾಢ ನಿದ್ದೆಯಲ್ಲಿರುವಾಗ ತಲೆಯಿಂದ ಹೊಟ್ಟೆಯವರೆಗೆ ಕಾಣುವಂತೆ ಮೊಬೈಲಿನಲ್ಲಿ ಹತ್ತು ನಿಮಿಷ ವಿಡಿಯೊ ತೆಗೆಯಿರಿ. ಬೆಳಗಿನ ಜಾವ ತೆಗೆದರೆ ಇನ್ನೂ ಒಳ್ಳೆಯದು, ಕನಸಿನ ನಿದ್ದೆ ಹೆಚ್ಚಿರುವ ಆ ಹೊತ್ತಿನಲ್ಲಿ ಗಂಟಲಿನ ಸ್ನಾಯುಗಳು ಪೂರಾ ಸಡಿಲವಾಗಿರುತ್ತವೆ. ಅದನ್ನು ವೈದ್ಯರಿಗೆ ತೋರಿಸಿ, ಸ್ಲೀಪ್ ಸ್ಟಡಿ (ರಾತ್ರಿ ನಿದ್ದೆಯಲ್ಲಿ ಉಸಿರು, ಆಮ್ಲಜನಕ ಅಳೆಯುವ ಪರೀಕ್ಷೆ) ಮಾಡಿಸಿ. ಮನೆಯಲ್ಲೇ ಯಂತ್ರ ಕಟ್ಟಿಕೊಂಡು ಮಲಗುವ ಬಗೆಯೂ ಇದೆ. ಹೃದಯದ ಅಥವಾ ಶ್ವಾಸಕೋಶದ ತೊಂದರೆ ಇದ್ದವರಿಗೆ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಒಂದು ರಾತ್ರಿ ಮಲಗಿಸಿ ಮಾಡುವ ಪೂರ್ಣ ಪರೀಕ್ಷೆಯೇ ಸರಿ. ವರದಿಯಲ್ಲಿ ಮೊದಲು ನೋಡಬೇಕಾದ ಅಂಕಿ ಎಎಚ್‌ಐ, ಅಂದರೆ ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬ ಲೆಕ್ಕ. 5ರ ಒಳಗಿದ್ದರೆ ಬರೀ ಗೊರಕೆ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಅದರ ಜತೆಗೆ ರಾತ್ರಿ ಆಮ್ಲಜನಕ ಎಲ್ಲಿಯವರೆಗೆ ಇಳಿಯಿತು ಎಂಬುದನ್ನೂ ಕೇಳಿ ತಿಳಿದುಕೊಳ್ಳಿ.

ಇನ್ನು ಲೇಸರ್. ಫ್ರಾನ್ಸಿನ ಕಮಾಮಿ ಎಂಬ ವೈದ್ಯರು 1990ರಲ್ಲಿ ಪ್ರಕಟಿಸಿದ ವಿಧಾನ ಇದು. ಮೆದು ಅಂಗುಳದ ಅಂಚನ್ನೂ ಕಿರುನಾಲಿಗೆಯನ್ನೂ ಸುಟ್ಟು ಮೊಟಕು ಮಾಡುತ್ತಾರೆ. ಗಾಯ ಮಾಯುವಾಗ ಅಂಗುಳ ಬಿಗಿಯಾಗಿ ಅಲುಗಾಡುವುದು ಕಡಿಮೆಯಾಗುತ್ತದೆ, ಸದ್ದು ತಗ್ಗುತ್ತದೆ. ಆದರೆ ಗಂಟಲು ಮುಚ್ಚುವುದು ಇನ್ನೂ ಕೆಳಗೆ, ನಾಲಿಗೆಯ ಬುಡದಲ್ಲಾದರೆ? ಸದ್ದು ಹೋಗುತ್ತದೆ, ಉಸಿರು ನಿಲ್ಲುವುದು ಹೋಗುವುದಿಲ್ಲ. ಮನೆಯವರಿಗೆ ನೆಮ್ಮದಿಯ ನಿದ್ದೆ ಬರುತ್ತದೆ, ಎಚ್ಚರಿಸುತ್ತಿದ್ದ ಸದ್ದೇ ಇರುವುದಿಲ್ಲ. ಬೆಂಕಿ ಆರಿಸದೆ ಹೊಗೆಗಂಡಿ ಮುಚ್ಚಿದ ಹಾಗೆ. ಸಾಲದ್ದಕ್ಕೆ ಸುಟ್ಟ ಗಾಯ ಮಾಯುತ್ತಾ ಎಳೆದುಕೊಂಡು ಗಂಟಲಿನ ದಾರಿಯನ್ನು ಇನ್ನಷ್ಟು ಕಿರಿದು ಮಾಡುವುದೂ ಉಂಟು. ಅಪ್ನಿಯಾ ಇದ್ದವರಿಗೆ ಇದನ್ನು ವಾಡಿಕೆಯ ಚಿಕಿತ್ಸೆಯಾಗಿ ಮಾಡಬಾರದು ಎಂದು ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2010ರ ಮಾರ್ಗಸೂಚಿಯಲ್ಲಿ ಹೇಳಿದೆ.

ಎಎಚ್‌ಐ 5ರ ಒಳಗಿದ್ದು, ಮೈ ದಪ್ಪವಿಲ್ಲದೆ, ಟಾನ್ಸಿಲ್ ಚಿಕ್ಕದಿದ್ದು, ಅಲುಗಾಡುವುದು ಅಂಗುಳ ಮಾತ್ರ ಎಂದು ಖಚಿತವಾದರೆ ಲೇಸರಿಗಿಂತ ರೇಡಿಯೊಫ್ರೀಕ್ವೆನ್ಸಿ ಹಗುರ. ಅಂಗುಳ ಮರಗಟ್ಟಿಸಿ, ಸೂಜಿಯಂಥ ಕಡ್ಡಿಯನ್ನು ಸ್ನಾಯುವಿನೊಳಗೆ ಎರಡು ಮೂರು ಕಡೆ ಚುಚ್ಚಿ ಕಾಯಿಸುತ್ತಾರೆ. ಮೇಲಿನ ಪೊರೆ ಉಳಿಯುವುದರಿಂದ ನೋವು ಕಡಿಮೆ. ಫಲ ಕಾಣಲು 6ರಿಂದ 8 ವಾರ ಬೇಕು, ಹಲವರಿಗೆ ಎರಡು ಮೂರು ಸಲ ಮಾಡಬೇಕಾಗುತ್ತದೆ. ಒಂದೆರಡು ವರ್ಷದ ಮೇಲೆ ಸದ್ದು ಮೆಲ್ಲನೆ ಮರಳುವುದೂ ಇದೆ. ಅಂಗುಳದೊಳಗೆ 18 ಮಿ.ಮೀ. ಉದ್ದದ ಮೂರು ಪಾಲಿಯೆಸ್ಟರ್ ಕಡ್ಡಿ ಹುದುಗಿಸುವ ವಿಧಾನವೂ ಇದೇ ಜಾತಿಯದು. ಅದರಲ್ಲಿ ಕಡ್ಡಿ ಹೊರಗೆ ಇಣುಕುವುದೇ ತಾಪತ್ರಯ.

ನನ್ನ ಮೂಗಿನ ಮೂಳೆ ಸೊಟ್ಟ ಇದೆ, ಸರಿ ಮಾಡಿದರೆ ಗೊರಕೆ ನಿಲ್ಲುತ್ತದೆ ಎಂದಿದ್ದಾರೆ. ನಿಜವೇ? – ಓದುಗ, 34, ತುಮಕೂರು

ಅರ್ಧ ನಿಜ. ಮೂಗಿನ ನಡುಗೋಡೆ ಸ್ವಲ್ಪವಾದರೂ ಸೊಟ್ಟ ಇಲ್ಲದವರು ವಿರಳ, ಅವರೆಲ್ಲ ಗೊರಕೆ ಹೊಡೆಯುವುದಿಲ್ಲ. ಮೂಗು ಕಟ್ಟಿದಾಗ ಬಾಯಿ ತೆರೆಯುತ್ತದೆ, ಬಾಯಿ ತೆರೆದಾಗ ನಾಲಿಗೆ ಹಿಂದೆ ಜಾರುತ್ತದೆ. ಮೂಗಿಗೂ ಗೊರಕೆಗೂ ನಂಟು ಇಷ್ಟೆ. ಸದ್ದು ಹುಟ್ಟುವುದು ಬಹುಪಾಲು ಗಂಟಲಲ್ಲಿ.

ನಿಮ್ಮ ಗೊರಕೆಯಲ್ಲಿ ಮೂಗಿನ ಪಾಲೆಷ್ಟು ಎಂದು ಮನೆಯಲ್ಲೇ ಅಂದಾಜಿಸಬಹುದು. ಮಲಗುವ ಮುನ್ನ ಮೂಗಿಗೆ ಆಕ್ಸಿಮೆಟಜೋಲಿನ್ ಹನಿ ಹಾಕಿಕೊಂಡು ಸತತ ಮೂರು ರಾತ್ರಿ ನೋಡಿ. ಬಿಪಿ, ಹೃದ್ರೋಗ, ಗ್ಲಾಕೋಮ ಇದ್ದವರು ವೈದ್ಯರನ್ನು ಕೇಳದೆ ಹಾಕಬಾರದು. ಸದ್ದು ಗಣನೀಯವಾಗಿ ತಗ್ಗಿದರೆ ಮೂಗಿನ ಆಪರೇಷನ್ನಿಂದ ಫಲ ನಿರೀಕ್ಷಿಸಬಹುದು. ತಗ್ಗದಿದ್ದರೆ ಗೋಡೆ ಎಷ್ಟು ನೆಟ್ಟಗಾದರೂ ಗೊರಕೆ ಅಲ್ಲೇ ಇರುತ್ತದೆ. ಮೂರು ರಾತ್ರಿಗೆ ನಿಲ್ಲಿಸಿ. ಐದಾರು ದಿನ ಮೀರಿ ಹಾಕಿದರೆ ಹನಿಯೇ ಮೂಗು ಕಟ್ಟಿಸತೊಡಗುತ್ತದೆ.

ಆಪರೇಷನ್ ಮಾಡಿಸಿದರೆ ಹೊರಗೆ ಗಾಯ ಕಾಣುವುದಿಲ್ಲ, ಎಲ್ಲ ಹೊಳ್ಳೆಯೊಳಗಿನಿಂದಲೇ. ಊದಿದ ಟರ್ಬಿನೇಟ್ (ಮೂಗಿನ ಪಕ್ಕದ ಗೋಡೆಯ ಉಬ್ಬು) ಇದ್ದರೆ ಅದನ್ನೂ ಆಗಲೇ ಕಿರಿದು ಮಾಡುತ್ತಾರೆ. ಪೂರಾ ಕತ್ತರಿಸಿಹಾಕುವುದು ತಪ್ಪು, ಮೂಗು ಒಣಗಿ ಹಕ್ಕಳೆ ಕಟ್ಟುತ್ತದೆ. ಒಳಗಿಟ್ಟ ಪಟ್ಟಿಯನ್ನು ಸುಮಾರು ಒಂದು ವಾರಕ್ಕೆ ತೆಗೆಯುತ್ತಾರೆ. ಎರಡು ವಾರ ಮೂಗು ಸೀಟಬೇಡಿ, ಸೀನು ಬಂದರೆ ಬಾಯಿ ತೆರೆದು ಸೀನಿ, ಉಪ್ಪುನೀರಿನಿಂದ ದಿನಕ್ಕೆ ಮೂರು ನಾಲ್ಕು ಸಲ ತೊಳೆಯಿರಿ. ಅಪ್ನಿಯಾ ಇದ್ದವರಲ್ಲಿ ಮೂಗಿನ ಆಪರೇಷನ್ ಒಂದರಿಂದಲೇ ಎಎಚ್‌ಐ ಇಳಿಯುವುದು ಅಪರೂಪ. ಆದರೆ ರಾತ್ರಿ ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಟ್ಟು ಗಂಟಲು ತೆರೆದಿಡುವ ಸಿಪ್ಯಾಪ್ ಯಂತ್ರ ಹಾಕಿಕೊಳ್ಳುವವರಿಗೆ ಮೂಗು ಸಲೀಸಾದರೆ ಯಂತ್ರ ಒಗ್ಗುತ್ತದೆ. ಅದು ಸಣ್ಣ ಲಾಭವಲ್ಲ.

ಖಾಸಗಿ ಬಸ್ ಚಾಲಕ, 52 ವರ್ಷ. ಎಎಚ್‌ಐ 38. ಸಿಪ್ಯಾಪ್ ಯಂತ್ರ ಮೂರು ತಿಂಗಳು ಹಾಕಿ ಬಿಟ್ಟೆ, ಉಸಿರು ಕಟ್ಟಿದಂತಾಗುತ್ತದೆ. ಈಗ ಡೈಸ್ ಎಂಬ ಪರೀಕ್ಷೆ ಮಾಡಿ ಅಂಗುಳದ ಆಪರೇಷನ್ ಮಾಡೋಣ ಎಂದಿದ್ದಾರೆ. ಸಂಗೀತ ನಿರ್ದೇಶಕ ಬಪ್ಪಿ ಲಹಿರಿ ಇದೇ ಕಾಯಿಲೆಯಿಂದ ಹೋದರು ಎಂದು ಓದಿ ಭಯವಾಗಿದೆ. – ಹುಬ್ಬಳ್ಳಿ

2022ರ ಫೆಬ್ರವರಿಯಲ್ಲಿ ತೀರಿಕೊಂಡ ಬಪ್ಪಿ ಲಹಿರಿ ಅವರಿಗೆ ಸ್ಲೀಪ್ ಅಪ್ನಿಯಾ ಜತೆ ಬೇರೆ ಕಾಯಿಲೆಗಳೂ ಇದ್ದವು ಎಂದು ಅವರ ವೈದ್ಯರೇ ಹೇಳಿದ್ದರು. ಒಂದು ರಾತ್ರಿಯ ಗೊರಕೆ ಕೊಲ್ಲುವುದಿಲ್ಲ. ವರ್ಷಗಟ್ಟಲೆ ಬಿಪಿ ಏರಿಸಿ, ಹೃದಯದ ಲಯ ತಪ್ಪಿಸಿ ಕಾಡುವ ಕಾಯಿಲೆ ಇದು. ನಿಮ್ಮ ವಿಷಯದಲ್ಲಿ ಅದಕ್ಕಿಂತ ಹತ್ತಿರದ ಅಪಾಯ ಸ್ಟೀರಿಂಗ್ ಹಿಂದಿದೆ. ಗಂಟೆಗೆ 38 ಅಂದರೆ 7 ಗಂಟೆಯ ನಿದ್ದೆಯಲ್ಲಿ 266 ಸಲ. ಚಿಕಿತ್ಸೆ ಕುದುರುವವರೆಗೆ ರಾತ್ರಿ ಪಾಳಿ ಒಪ್ಪಿಕೊಳ್ಳಬೇಡಿ. ಹಗಲಲ್ಲೂ ತೂಕಡಿಕೆ ಬರುತ್ತಿದ್ದರೆ ಬಸ್ಸನ್ನೇ ಮುಟ್ಟಬೇಡಿ.

ಯಂತ್ರಕ್ಕೆ ಇನ್ನೊಂದು ಅವಕಾಶ ಕೊಡಿ. ‘ಉಸಿರು ಕಟ್ಟುತ್ತದೆ’ ಎಂದು ಬಿಟ್ಟವರಲ್ಲಿ ಕಾರಣ ಸಾಮಾನ್ಯವಾಗಿ ನಾಲ್ಕರಲ್ಲೊಂದು: ಮಾಸ್ಕ್ ಅಳತೆ ತಪ್ಪಿ ಗಾಳಿ ಸೋರುವುದು, ಒತ್ತಡ ಸರಿಯಾಗಿ ಗೊತ್ತುಮಾಡದಿರುವುದು, ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಇಲ್ಲದೆ ಗಂಟಲು ಒಣಗುವುದು, ಮೂಗು ಕಟ್ಟಿರುವುದು. ಒತ್ತಡ ಕಡಿಮೆಯಿಂದ ಶುರುವಾಗಿ ಮೆಲ್ಲನೆ ಏರುವ ‘ರ‍್ಯಾಂಪ್’ ಬಟನ್ ಹೆಚ್ಚಿನ ಯಂತ್ರಗಳಲ್ಲಿದೆ, ಅದನ್ನು ತೋರಿಸಿಕೊಟ್ಟವರೇ ಇರುವುದಿಲ್ಲ. ಮೊದಲು ಸಂಜೆ ಟಿವಿ ನೋಡುತ್ತಾ ಅರ್ಧ ಗಂಟೆ ಮಾಸ್ಕ್ ಹಾಕಿ ರೂಢಿ ಮಾಡಿಕೊಳ್ಳಿ. ಎಎಚ್‌ಐ 38ಕ್ಕೆ ಯಂತ್ರದಷ್ಟು ಖಚಿತವಾದ ಆಪರೇಷನ್ ಅಂಗುಳದಲ್ಲಿ ಇಲ್ಲ ಎಂಬುದನ್ನು ಆಪರೇಷನ್ ಮಾಡುವವರೇ ಹೇಳಬೇಕು.

ಇಷ್ಟಾಗಿಯೂ ಯಂತ್ರ ಒಗ್ಗದಿದ್ದರೆ ಡೈಸ್ ಸರಿಯಾದ ಹೆಜ್ಜೆ. ಎಚ್ಚರವಿದ್ದಾಗ ಗಂಟಲು ನೋಡಿ ನಿದ್ದೆಯಲ್ಲಿ ಎಲ್ಲಿ ಮುಚ್ಚುತ್ತದೆ ಎಂದು ಹೇಳಲಾಗದು. ಹಾಗಾಗಿ ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ತಜ್ಞರು ಪ್ರೊಪೊಫಾಲ್‌ನಂಥ ಔಷಧಿ ಹನಿಹನಿಯಾಗಿ ಕೊಟ್ಟು ಗೊರಕೆ ಬರುವಷ್ಟೇ ನಿದ್ದೆ ಬರಿಸುತ್ತಾರೆ. ಆಗ ಮೂಗಿನ ಮೂಲಕ ತೆಳ್ಳನೆಯ ಎಂಡೋಸ್ಕೋಪ್ ಇಳಿಸಿ ನಾಲ್ಕು ಜಾಗ ನೋಡುತ್ತಾರೆ: ಮೆದು ಅಂಗುಳ, ಟಾನ್ಸಿಲ್ ಇರುವ ಅಕ್ಕಪಕ್ಕದ ಗೋಡೆ, ನಾಲಿಗೆಯ ಬುಡ, ಶ್ವಾಸನಾಳದ ಬಾಯಿಗಿರುವ ಮುಚ್ಚಳ. ಕೆಳದವಡೆಯನ್ನು ಮೆಲ್ಲನೆ ಮುಂದೆ ಎತ್ತಿ ದಾರಿ ತೆರೆಯುತ್ತದೆಯೇ ಎಂದೂ ನೋಡುತ್ತಾರೆ. ಹದಿನೈದು ಇಪ್ಪತ್ತು ನಿಮಿಷದ ಕೆಲಸ. ಆರು ಗಂಟೆ ಹೊಟ್ಟೆ ಖಾಲಿ ಇರಬೇಕು. ವಿಡಿಯೊ ಪ್ರತಿ ಕೇಳಿ ಪಡೆಯಿರಿ, ಎರಡನೇ ಅಭಿಪ್ರಾಯಕ್ಕೆ ಹೋದರೆ ಕೆಲಸಕ್ಕೆ ಬರುತ್ತದೆ.

ಅಂಗುಳದ ಆಪರೇಷನ್ ಎಂದರೆ ಯಾವುದು ಎಂದೂ ಕೇಳಿ. 1981ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಫುಜಿತ ಅವರು ಅಪ್ನಿಯಾಗೆಂದು ಜಾರಿಗೆ ತಂದ ಯುಪಿಪಿಪಿಯಲ್ಲಿ ಟಾನ್ಸಿಲ್, ಕಿರುನಾಲಿಗೆ, ಅಂಗುಳದ ಅಂಚು ಎಲ್ಲವನ್ನೂ ಕತ್ತರಿಸಿ ಹೊಲಿಯುತ್ತಿದ್ದರು. ಈಗಿನ ಒಲವು ಕತ್ತರಿಸುವುದಕ್ಕಿಂತ ಎಳೆದು ಕಟ್ಟುವುದರ ಕಡೆಗಿದೆ. ಟಾನ್ಸಿಲ್ ತೆಗೆದ ಮೇಲೆ ಅದರ ಹಿಂದಿನ ಸ್ನಾಯುವನ್ನು ಮುಂದಕ್ಕೂ ಪಕ್ಕಕ್ಕೂ ಎಳೆದು ಹೊಲಿಯುವ ಎಕ್ಸ್‌ಪ್ಯಾನ್ಶನ್ ವಿಧಾನವನ್ನು ಪ್ಯಾಂಗ್ ಮತ್ತು ವುಡ್ಸನ್ 2007ರಲ್ಲಿ ವಿವರಿಸಿದರು. ಮುಳ್ಳುಮುಳ್ಳಾದ, ಗಂಟು ಬೇಡದ ದಾರದಿಂದ ಅದನ್ನೇ ಮಾಡುವ ‘ಬಾರ್ಬ್ಡ್’ ವಿಧಾನ ಆಮೇಲೆ ಬಂತು. ಇವೆರಡರಲ್ಲೂ ಕಿರುನಾಲಿಗೆಯನ್ನು ಪೂರಾ ತೆಗೆಯುವುದಿಲ್ಲ, ಕುಡಿದ ನೀರು ಮೂಗಿಗೆ ಬರುವ ತೊಂದರೆ ಕಡಿಮೆ. ಹಳೆಯ ವಿಧಾನದಲ್ಲಿ ಜಾಸ್ತಿ ಕತ್ತರಿಸಿದರೆ ಆ ತೊಂದರೆ ಶಾಶ್ವತವಾಗಿ ಉಳಿದದ್ದೂ ಉಂಟು.

ಫಲ ಯಾರಿಗೆ? ಕನ್ನಡಿ ಮುಂದೆ ನಿಂತು, ನಾಲಿಗೆ ಚಾಚದೆ, ‘ಆ’ ಎನ್ನದೆ ಬಾಯಿ ಅಗಲಿಸಿ. ದೊಡ್ಡ ಟಾನ್ಸಿಲ್ ಎದ್ದು ಕಂಡು, ಕಿರುನಾಲಿಗೆಯೂ ಪೂರಾ ಕಂಡರೆ ನೀವು ಒಳ್ಳೆಯ ಗುಂಪಿನವರು. ನಾಲಿಗೆಯೇ ಎಲ್ಲವನ್ನೂ ಮರೆಮಾಡಿ, ಟಾನ್ಸಿಲ್ ಹುಡುಕಿದರೂ ಸಿಗದಿದ್ದರೆ ಕಷ್ಟದ ಗುಂಪು. ಫ್ರೀಡ್‌ಮನ್ ಎಂಬ ವೈದ್ಯರು 2002ರಲ್ಲಿ ಈ ವಿಂಗಡಣೆಯಂತೆ ಲೆಕ್ಕ ಹಾಕಿದಾಗ ಯುಪಿಪಿಪಿ ಮೊದಲ ಗುಂಪಿನಲ್ಲಿ 100ಕ್ಕೆ 80 ಜನರಲ್ಲಿ ಫಲಿಸಿತ್ತು, ಕೊನೆಯ ಗುಂಪಿನಲ್ಲಿ 8 ಜನರಲ್ಲಿ. ಆಪರೇಷನ್ ಅದೇ, ಗಂಟಲು ಬೇರೆ.

ಇನ್ನೊಂದು ಲೆಕ್ಕವಿದೆ, ಇದನ್ನು ಕೇಳದೆ ಸಹಿ ಹಾಕಬೇಡಿ. ಎಎಚ್‌ಐ ಅರ್ಧಕ್ಕೆ ಇಳಿದು 20ರ ಕೆಳಗೆ ಬಂದರೆ ‘ಯಶಸ್ವಿ’ ಎನ್ನುವುದು ಶಸ್ತ್ರವೈದ್ಯರ ವಾಡಿಕೆ. ನಿಮ್ಮ 38 ಆಪರೇಷನ್ ಬಳಿಕ 18 ಆದರೆ ಅವರ ಪುಸ್ತಕದಲ್ಲಿ ಗೆಲುವು. ನಿಮ್ಮ ಪಾಲಿಗೆ ಅದು ಇನ್ನೂ ಮಧ್ಯಮ ಪ್ರಮಾಣದ ಅಪ್ನಿಯಾ. ‘ಯಶಸ್ಸು ಎಷ್ಟು’ ಎಂದು ಕೇಳುವ ಬದಲು ‘ನನ್ನ ಎಎಚ್‌ಐ 15ರ ಒಳಗೆ, 5ರ ಒಳಗೆ ಬರುವ ಸಾಧ್ಯತೆ ಎಷ್ಟು’ ಎಂದು ಕೇಳಿ. 3ರಿಂದ 6 ತಿಂಗಳಿಗೆ ಸ್ಲೀಪ್ ಸ್ಟಡಿ ಮತ್ತೆ ಮಾಡಿಸುತ್ತೀರಾ ಎಂದೂ ಕೇಳಿ. ‘ಅದೆಲ್ಲ ಬೇಕಿಲ್ಲ, ಗೊರಕೆ ನಿಂತರೆ ಆಯಿತು’ ಎಂಬ ಉತ್ತರ ಬಂದರೆ ಬೇರೆ ಕಡೆ ವಿಚಾರಿಸಿ.

ಮಗನಿಗೆ 6 ವರ್ಷ. ಬಾಯಿ ತೆರೆದೇ ಮಲಗುತ್ತಾನೆ, ದೊಡ್ಡವರಂತೆ ಗೊರಕೆ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗಿದೆ. ಟಾನ್ಸಿಲ್, ಅಡಿನಾಯ್ಡ್ (ಮೂಗಿನ ಹಿಂಭಾಗದ ಟಾನ್ಸಿಲ್‌ನಂಥ ಅಂಗಾಂಶ) ತೆಗೆಯಬೇಕು ಎಂದಿದ್ದಾರೆ. ರೋಗ ತಡೆಯುವ ಶಕ್ತಿ ಹೋಗುತ್ತದೆ ಎಂದು ನಮ್ಮತ್ತೆ ಒಪ್ಪುತ್ತಿಲ್ಲ. – ತಾಯಿ, ಶಿರಸಿ

ಅತ್ತೆಯವರ ಆತಂಕ ಸಹಜ, ಆದರೆ ಹೆದರಬೇಕಿಲ್ಲ. ಇದೇ ಕೆಲಸ ಮಾಡುವ ಅಂಗಾಂಶ ಗಂಟಲಿನಲ್ಲೂ ಮೈತುಂಬಾ ಬೇರೆಡೆಯೂ ಸಾಕಷ್ಟಿದೆ. ದೊಡ್ಡವರಲ್ಲಿ ಆಪರೇಷನ್ ಕೊನೆಯ ಮಾತಾದರೆ, ಟಾನ್ಸಿಲ್ ಅಡಿನಾಯ್ಡ್ ಊದಿ ಅಪ್ನಿಯಾ ಆದ ಮಕ್ಕಳಲ್ಲಿ ಅದೇ ಮೊದಲ ಮಾತು. ಮಕ್ಕಳ ಅಳತೆಗೋಲೂ ಬೇರೆ, ಎಎಚ್‌ಐ 1 ದಾಟಿದರೇ ಸಹಜವಲ್ಲ ಎನ್ನುತ್ತೇವೆ. ಮತ್ತೆ ಹಾಸಿಗೆ ಒದ್ದೆ, ಬೆಳಿಗ್ಗೆ ಕಿರಿಕಿರಿ, ತರಗತಿಯಲ್ಲಿ ಚಂಚಲತೆ, ತಲೆಯೆಲ್ಲ ಬೆವರುವುದು ಇವೂ ಅದರ ಲಕ್ಷಣಗಳೇ.

ಅಮೆರಿಕದಲ್ಲಿ 5ರಿಂದ 9 ವರ್ಷದ 464 ಮಕ್ಕಳನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2013ರಲ್ಲಿ ಬಂತು. ಏಳು ತಿಂಗಳಿಗೆ ಆಪರೇಷನ್ ಆದವರಲ್ಲಿ 100ಕ್ಕೆ 79 ಮಕ್ಕಳ ಸ್ಲೀಪ್ ಸ್ಟಡಿ ಸರಿಯಾಗಿತ್ತು, ಕಾದು ನೋಡಿದವರಲ್ಲಿ 46 ಮಕ್ಕಳದ್ದು. ವರ್ತನೆ, ನಿದ್ದೆ ಸುಧಾರಿಸಿದವು, ಏಕಾಗ್ರತೆಯ ಪರೀಕ್ಷೆಯಲ್ಲಿ ಮಾತ್ರ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಸೌಮ್ಯವಾಗಿದ್ದರೆ ಮೂಗಿನ ಸ್ಟೀರಾಯ್ಡ್ ಸ್ಪ್ರೇಯೊಂದಿಗೆ ಕೆಲವು ತಿಂಗಳು ಕಾಯಬಹುದು. ಉಸಿರು ನಿಲ್ಲುತ್ತಿದ್ದರೆ, ಬೆಳವಣಿಗೆ ಕುಂಠಿತವಾಗಿದ್ದರೆ ಕಾಯಬಾರದು.

ಸಂಪೂರ್ಣ ಅರಿವಳಿಕೆಯಲ್ಲಿ, ಬಾಯಿಯ ಮೂಲಕವೇ ಮಾಡುತ್ತಾರೆ. 3 ವರ್ಷದೊಳಗಿನವರನ್ನೂ ತೀವ್ರ ಅಪ್ನಿಯಾ ಇರುವವರನ್ನೂ ಒಂದು ರಾತ್ರಿ ಆಮ್ಲಜನಕದ ಮೇಲೆ ಕಣ್ಣಿಟ್ಟು ಆಸ್ಪತ್ರೆಯಲ್ಲೇ ಉಳಿಸಿಕೊಳ್ಳಬೇಕು. ನೋವಿಗೆ ಕೊಡೀನ್ ಇರುವ ಔಷಧಿ ಕೊಡಬೇಡಿ. ಕೆಲವು ಮಕ್ಕಳ ಮೈಯಲ್ಲಿ ಅದು ಬೇಗ ಮಾರ್ಫಿನ್ ಆಗಿ ಉಸಿರನ್ನೇ ತಗ್ಗಿಸುತ್ತದೆ. ಮನೆಯಲ್ಲಿ ಉಳಿದ ಕೆಮ್ಮಿನ ಸಿರಪ್ ಬಾಟಲಿಯ ಚೀಟಿಯನ್ನೂ ಓದಿ. ಹತ್ತು ದಿನ ಶಾಲೆ ಬೇಡ, ಎರಡು ವಾರ ಓಟ ಆಟ ಬೇಡ, ಆಸ್ಪತ್ರೆಯಿಂದ ದೂರದ ಊರಿಗೆ ಪ್ರಯಾಣವೂ ಬೇಡ. ಒಳಹಳ್ಳಿಯವರಾದರೆ ಆ ಹತ್ತು ದಿನ ಪೇಟೆಯ ನೆಂಟರ ಮನೆಯಲ್ಲಿರುವುದು ಜಾಣತನ.

ಟಾನ್ಸಿಲ್ ಮತ್ತು ಅಂಗುಳದ ಆಪರೇಷನ್ ದಿನ ಗೊತ್ತಾಗಿದೆ. ಎಷ್ಟು ದಿನ ರಜೆ? ಏನು ತಿನ್ನಬಹುದು? ಪಾಠ ಹೇಳುವ ದನಿ ಬದಲಾಗುತ್ತದೆಯೇ? – ಶಿಕ್ಷಕ, 41, ಗದಗ

ಮೂರು ವಾರ ರಜೆ ಹಾಕಿ. ‘ಐದು ದಿನ ಸಾಕು’ ಎಂಬ ಮಾತು ಮಕ್ಕಳಿಗೂ ಸರಿಹೊಂದುವುದಿಲ್ಲ. ದೊಡ್ಡವರಲ್ಲಿ ನೋವು ಮೊದಲ ದಿನಕ್ಕಿಂತ ನಾಲ್ಕರಿಂದ ಏಳನೇ ದಿನ ಜಾಸ್ತಿ, ಪೂರಾ ಇಳಿಯಲು ಎರಡು ವಾರ. ಕಿವಿ ನೋಯುತ್ತದೆ. ಗಂಟಲಿಗೂ ಕಿವಿಗೂ ಒಂದೇ ನರವಿರುವುದರಿಂದ ಹಾಗೆ, ಕಿವಿಯಲ್ಲಿ ಏನೂ ಆಗಿರುವುದಿಲ್ಲ. ಗಾಯದ ಮೇಲೆ ಬೆಳ್ಳಗೆ ಪೊರೆ ಕಟ್ಟುತ್ತದೆ, ಬಾಯಿ ವಾಸನೆ ಬರುತ್ತದೆ. ಅದು ಕೀವಲ್ಲ, ಕೆರೆಯಬೇಡಿ.

ನೋವಿನ ಮಾತ್ರೆಯನ್ನು ನೋವು ಬಂದ ಮೇಲಲ್ಲ, ಬರೆದುಕೊಟ್ಟ ಹೊತ್ತಿಗೆ ನುಂಗಿ, ಅರ್ಧ ಗಂಟೆ ಬಿಟ್ಟು ಊಟ ಮಾಡಿ. ನುಂಗಲು ಹೆದರಿ ನೀರು ಬಿಟ್ಟವರಿಗೇ ಗಾಯ ಒಣಗಿ ನೋವು ಹೆಚ್ಚುತ್ತದೆ, ರಕ್ತ ಬರುವ ಸಂಭವವೂ ಹೆಚ್ಚು. ಹೃದಯ, ಕಿಡ್ನಿ ಚೆನ್ನಾಗಿದ್ದರೆ ದಿನಕ್ಕೆ ಎರಡೂವರೆ ಲೀಟರಾದರೂ ದ್ರವ ಹೋಗಬೇಕು. ತಣ್ಣನೆಯ ಹಾಲು, ಎಳನೀರು, ಹುಳಿಯಿಲ್ಲದ ಮಜ್ಜಿಗೆ, ಆರಿದ ಅಂಬಲಿ, ಐಸ್‌ಕ್ರೀಮ್ ಮೊದಲ ಮೂರು ದಿನ. ಆಮೇಲೆ ಮೆತ್ತನೆ ಮೊಸರನ್ನ, ಹಾಲಲ್ಲಿ ನೆನೆಸಿದ ಇಡ್ಲಿ, ಸಜ್ಜಕ. ಕಟಕ್ ರೊಟ್ಟಿ, ಚುರುಮುರಿ, ಚಕ್ಕುಲಿ, ಖಾರ, ನಿಂಬೆಹುಳಿ ಎರಡು ವಾರ ದೂರವಿರಲಿ. ತಲೆಯ ಭಾಗ ಎತ್ತರಿಸಿ ಮಲಗಿ. ನಿದ್ದೆ ಮಾತ್ರೆ, ಮದ್ಯ ಬೇಡವೇ ಬೇಡ. ಊದಿದ ಗಂಟಲಿಗೆ ಅದೊಂದು ಸೇರಿದರೆ ಉಸಿರಿಗೆ ಅಪಾಯ. ಸಿಪ್ಯಾಪ್ ಇದ್ದರೆ ಯಾವಾಗ ಮತ್ತೆ ಹಾಕಬೇಕು ಎಂದು ಡಿಸ್ಚಾರ್ಜ್ ಆಗುವಾಗಲೇ ಕೇಳಿ.

ಹೆದರಬೇಕಾದದ್ದು ಒಂದಕ್ಕೆ. ಐದರಿಂದ ಹತ್ತನೇ ದಿನದ ಒಳಗೆ ಗಾಯದ ಪೊರೆ ಕಳಚುವಾಗ ರಕ್ತ ಬರಬಹುದು. ಎಂಜಲಲ್ಲಿ ಗೆರೆಯಷ್ಟು ಕಂಡರೆ ವೈದ್ಯರಿಗೆ ಫೋನ್ ಮಾಡಿ. ಬಾಯಿತುಂಬ ಕೆಂಪು ಬಂದರೆ ಎದ್ದು ಕೂತು, ನುಂಗದೆ ಉಗುಳುತ್ತಾ, ಐಸ್ ನೀರು ಮುಕ್ಕಳಿಸುತ್ತಾ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ, ಬೆಳಗಾಗಲಿ ಎಂದು ಕಾಯಬೇಡಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ನುಂಗುವವರು ನಿಲ್ಲಿಸುವ ದಿನವನ್ನು ಹೃದ್ರೋಗ ತಜ್ಞರಿಂದ ಮೊದಲೇ ಬರೆಸಿಕೊಳ್ಳಬೇಕು, ತಾವಾಗಿ ಬಿಡಬಾರದು.

ದನಿಯ ತಂತಿಗಳನ್ನು ಯಾರೂ ಮುಟ್ಟುವುದಿಲ್ಲ. ಕೆಲವು ವಾರ ದನಿ ಸ್ವಲ್ಪ ಮೂಗಿನಲ್ಲಿ ಬಂದಂತೆ ಕೇಳಿಸಬಹುದು, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಭಾವ ಇನ್ನೂ ಹೆಚ್ಚು ದಿನ ಇರಬಹುದು. ಪಾಠಕ್ಕಿಂತ ಹಾಡುವವರಿಗೆ ಇದು ಮುಖ್ಯ, ಅಂಥವರು ಆಪರೇಷನ್‌ಗೆ ಮುಂಚೆಯೇ ವೈದ್ಯರಿಗೆ ತಿಳಿಸಬೇಕು.

ನಾನು ಸಣಕಲ, 31 ವರ್ಷ, 62 ಕೆ.ಜಿ. ಗದ್ದ ಒಳಸರಿದಿದೆ. ಎಎಚ್‌ಐ 42 ಎಂದಾಗ ನಂಬಲಾಗಲಿಲ್ಲ. – ಓದುಗ, ಮೈಸೂರು

ಗೊರಕೆ ದಪ್ಪಗಿರುವವರ ಸ್ವತ್ತಲ್ಲ. ಕೆಳದವಡೆ ಚಿಕ್ಕದಾದರೆ ನಾಲಿಗೆಗೆ ಮನೆಯೇ ಕಿರಿದು, ಮಲಗಿದಾಗ ಅದು ಹಿಂದೆ ಬೀಳುತ್ತದೆ. ನಿಮ್ಮಂಥವರ ಅಂಗುಳ ಕತ್ತರಿಸಿ ಪ್ರಯೋಜನವಿಲ್ಲ. ಸಿಪ್ಯಾಪ್ ಯಂತ್ರ ಒಗ್ಗದಿದ್ದರೆ ಮೇಲಿನ, ಕೆಳಗಿನ ಎರಡೂ ದವಡೆಗಳನ್ನು ಕತ್ತರಿಸಿ ಸುಮಾರು 10 ಮಿ.ಮೀ. ಮುಂದೆ ತಂದು ತಟ್ಟೆ, ಸ್ಕ್ರೂಗಳಿಂದ ಕೂರಿಸುವ ಆಪರೇಷನ್ ಇದೆ. ಗಂಟಲನ್ನು ಕೊರೆದು ದಾರಿ ಮಾಡುವ ಟ್ರೇಕಿಯಾಸ್ಟಮಿ ಬಿಟ್ಟರೆ ಅಪ್ನಿಯಾಗೆ ಅತಿ ಹೆಚ್ಚು ಫಲ ಕೊಡುವುದು ಇದೇ, 100ಕ್ಕೆ 85ರ ಆಸುಪಾಸು. ಬೆಲೆಯೂ ಇದೆ: ಮೊದಲು ಹಲ್ಲಿಗೆ ಕ್ಲಿಪ್ ಹಾಕಿ ತಿಂಗಳುಗಟ್ಟಲೆ ತಯಾರಿ, ಆಮೇಲೆ ಆರು ವಾರ ಮೆತ್ತನೆ ಊಟ, ಕೆಳತುಟಿಯ ಮರಗಟ್ಟುವಿಕೆ (ಕೆಲವರಿಗೆ ಉಳಿದೇಬಿಡುತ್ತದೆ), ಮುಖದ ಚಹರೆಯಲ್ಲಿ ಬದಲಾವಣೆ. ಒಳಸರಿದ ಗದ್ದದವರಿಗೆ ಈ ಕೊನೆಯದು ಲಾಭವೇ ಆಗುತ್ತದೆ. ಅದಕ್ಕೂ ಮುಂಚೆ ದಂತವೈದ್ಯರು ಅಳತೆ ತೆಗೆದು ಮಾಡಿಕೊಡುವ, ರಾತ್ರಿ ಕೆಳದವಡೆ ಮುಂದೆ ಹಿಡಿಯುವ ಸಾಧನ ಹಾಕಿ ನೋಡಿ. ಅದರಲ್ಲಿ ಎಎಚ್‌ಐ ಇಳಿದರೆ ದವಡೆಯ ಆಪರೇಷನ್ ಫಲಿಸುವ ಸೂಚನೆಯೂ ಸಿಗುತ್ತದೆ.

ಅಪ್ಪ ನಮ್ಮ ಜತೆ ನ್ಯೂಜೆರ್ಸಿಯಲ್ಲಿದ್ದಾರೆ. ಇಲ್ಲಿನ ವೈದ್ಯರು ‘ನಾಲಿಗೆಯ ಪೇಸ್‌ಮೇಕರ್’ ಬಗ್ಗೆ ಹೇಳುತ್ತಿದ್ದಾರೆ. – ಓದುಗರು

ನಾಲಿಗೆಯನ್ನು ಮುಂದಕ್ಕೆ ಚಾಚಿಸುವ ನರಕ್ಕೆ ಸಣ್ಣ ಪಟ್ಟಿ ಸುತ್ತಿ, ಕಾಲರ್ ಮೂಳೆಯ ಕೆಳಗೆ ಚರ್ಮದಡಿ ಬ್ಯಾಟರಿ ಇಡುತ್ತಾರೆ. ರಾತ್ರಿ ರಿಮೋಟಿನಿಂದ ಚಾಲೂ ಮಾಡಿದರೆ ಉಸಿರೆಳೆದಾಗಲೆಲ್ಲ ನಾಲಿಗೆ ತುಸು ಮುಂದೆ ಬರುತ್ತದೆ. ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2014ರಲ್ಲಿ ಒಪ್ಪಿಗೆ ಕೊಟ್ಟಿತು. ಆ ವರ್ಷ ಪ್ರಕಟವಾದ 126 ಜನರ ಅಧ್ಯಯನದಲ್ಲಿ ಎಎಚ್‌ಐನ ಮಧ್ಯಾಂಕ (ಅರ್ಧ ಜನರದು ಇದಕ್ಕಿಂತ ಕಡಿಮೆ, ಅರ್ಧ ಜನರದು ಹೆಚ್ಚು) 29.3ರಿಂದ ವರ್ಷದೊಳಗೆ 9ಕ್ಕೆ ಇಳಿದಿತ್ತು. ಸಿಪ್ಯಾಪ್ ಒಗ್ಗದವರಿಗೆ, ತೀರ ದಪ್ಪವಿಲ್ಲದವರಿಗೆ ಇದು ಹೊಂದುತ್ತದೆ. ಡೈಸ್ ಪರೀಕ್ಷೆಯಲ್ಲಿ ಅಂಗುಳದ ಮಟ್ಟ ಸುತ್ತಲಿಂದ ಚೀಲದ ಬಾಯಿ ಬಿಗಿದಂತೆ ಮುಚ್ಚಿದರೆ ಈ ಯಂತ್ರ ಫಲಿಸದು, ಆ ವರದಿ ಕೇಳಿ. ಹಾಕಿದ ಸುಮಾರು ಒಂದು ತಿಂಗಳ ಮೇಲೆ ಚಾಲೂ ಮಾಡುತ್ತಾರೆ. ಬ್ಯಾಟರಿ ಹತ್ತು ವರ್ಷದ ಆಸುಪಾಸು ಬರುತ್ತದೆ, ಬದಲಿಸಲು ಇನ್ನೊಂದು ಸಣ್ಣ ಆಪರೇಷನ್. ಅಪ್ಪ ಊರಿಗೆ ಮರಳಿ ನೆಲೆಸುವವರಾದರೆ ಅಳತೆ ಹೊಂದಿಸುವ ಭೇಟಿಗಳು, ಬ್ಯಾಟರಿ ಬದಲಾವಣೆ ಎಲ್ಲಿ ಎಂಬುದನ್ನು ಈಗಲೇ ಯೋಚಿಸಿ. ಆಧಾರ ಕಾರ್ಡಿನಷ್ಟೇ ಜೋಪಾನವಾಗಿ ಯಂತ್ರದ ಕಾರ್ಡನ್ನೂ ಜೇಬಿನಲ್ಲಿಟ್ಟಿರಬೇಕು, ಎಂಆರ್‌ಐ ಮಾಡುವವರು ಕೇಳುತ್ತಾರೆ.

ಎತ್ತರ 168 ಸೆಂ.ಮೀ., ತೂಕ 115 ಕೆ.ಜಿ. ಗಂಟಲಿನ ಆಪರೇಷನ್ನೋ, ತೂಕ ಇಳಿಸುವ ಹೊಟ್ಟೆಯದೋ? ವಿಮೆ ಕೊಡುತ್ತದೆಯೇ? – ಓದುಗ, ಕಲಬುರಗಿ

ನಿಮ್ಮ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 40.7. ಈ ತೂಕದಲ್ಲಿ ಗಂಟಲು ಮುಟ್ಟಿದರೆ ಫಲ ಕಡಿಮೆ, ಅರಿವಳಿಕೆಯ ಅಪಾಯ ಹೆಚ್ಚು. ಸಿಪ್ಯಾಪ್ ಶುರುಮಾಡಿ, ತೂಕ ಇಳಿಸಿ, ಆಮೇಲೆ ಉಳಿದದ್ದಕ್ಕೆ ಗಂಟಲು ನೋಡಬಹುದು. ತೂಕ 100ಕ್ಕೆ 10ರಷ್ಟು ಇಳಿದರೆ ಎಎಚ್‌ಐ 100ಕ್ಕೆ ಸುಮಾರು 26ರಷ್ಟು ಇಳಿಯುತ್ತದೆ ಎಂದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನಡೆದು 2000ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ದಪ್ಪದ ಜತೆ ಮಧ್ಯಮ ಅಥವಾ ತೀವ್ರ ಅಪ್ನಿಯಾ ಇರುವವರಿಗೆಂದು ತೂಕ ಇಳಿಸುವ ಟಿರ್ಜೆಪಟೈಡ್ ಚುಚ್ಚುಮದ್ದಿಗೆ ಎಫ್‌ಡಿಎ 2024ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿದೆ. ತಜ್ಞರ ನಿಗಾ ಇಲ್ಲದೆ ಬೇಡ.

ವಿಮೆಯ ವಿಷಯದಲ್ಲಿ ಮೂರು ಮಾತು. ತೂಕ ಇಳಿಸುವ ಆಪರೇಷನ್‌ಗೆ ವಿಮಾ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ ನಿಗದಿಪಡಿಸಿದ ಷರತ್ತಿನಂತೆ ಬಿಎಂಐ 40 ಇರಬೇಕು, ಅಥವಾ 35 ಇದ್ದು ತೀವ್ರ ಸ್ಲೀಪ್ ಅಪ್ನಿಯಾದಂಥ ಕಾಯಿಲೆ ಜತೆಗಿರಬೇಕು. ಆದ್ದರಿಂದ ಸ್ಲೀಪ್ ಸ್ಟಡಿ ವರದಿ ಕಡತದಲ್ಲಿರಲಿ. ಬರೀ ಪರೀಕ್ಷೆಗೆಂದು ಅಡ್ಮಿಟ್ ಆದ ಖರ್ಚು ಸಾಮಾನ್ಯವಾಗಿ ಸಿಗುವುದಿಲ್ಲ, ಸ್ಲೀಪ್ ಸ್ಟಡಿಗೆ ಕೈಯಿಂದಲೇ ಕೊಡಬೇಕಾದೀತು. ಟಾನ್ಸಿಲ್ ಮೊದಲಾದ ಇಎನ್‌ಟಿ ಆಪರೇಷನ್‌ಗಳಿಗೆ ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ 24 ತಿಂಗಳ ಕಾಯುವ ಅವಧಿ ಇದೆ. ಬೇರೆ ಪಾಲಿಸಿಗಳಲ್ಲೂ ಇಂಥದ್ದಿರುತ್ತದೆ, ಪತ್ರ ತೆಗೆದು ಓದಿ.

ಅಮ್ಮನಿಗೆ 63. ಮಂಡಿಚಿಪ್ಪು ಬದಲಿಸುವ ಆಪರೇಷನ್ ಇದೆ. ಜೋರು ಗೊರಕೆ. ಹೇಳಬೇಕೇ? – ಮಗಳು, ಮಂಗಳೂರು

ಖಂಡಿತ, ಅದೂ ಮೂಳೆ ವೈದ್ಯರಿಗಿಂತ ಮೊದಲು ಅರಿವಳಿಕೆ ವೈದ್ಯರಿಗೆ. ಅವರು ಎಂಟು ಪ್ರಶ್ನೆ ಕೇಳುತ್ತಾರೆ: ಜೋರು ಗೊರಕೆ, ಹಗಲು ಆಯಾಸ, ಉಸಿರು ನಿಂತದ್ದನ್ನು ಯಾರಾದರೂ ಕಂಡಿದ್ದಾರೆಯೇ, ಬಿಪಿ, ಬಿಎಂಐ 35 ಮೀರಿದೆಯೇ, ವಯಸ್ಸು 50 ಮೀರಿದೆಯೇ, ಕತ್ತಿನ ಸುತ್ತಳತೆ 40 ಸೆಂ.ಮೀ. ಮೀರಿದೆಯೇ, ಗಂಡಸೇ. ಮೂರಕ್ಕೆ ‘ಹೌದು’ ಬಂದರೆ ಎಚ್ಚರಿಕೆ, ಐದಕ್ಕೆ ಬಂದರೆ ಅಪ್ನಿಯಾ ಇದೆಯೆಂದೇ ಎಣಿಸಿ ನಡೆಯಬೇಕು. ಬೆನ್ನಿನ ಅರಿವಳಿಕೆಯಲ್ಲೇ ಮಾಡಬಹುದು, ಮಾರ್ಫಿನ್ ಜಾತಿಯ ನೋವು ನಿವಾರಕ ತಗ್ಗಿಸಬಹುದು, ಮೊದಲ ರಾತ್ರಿ ಆಮ್ಲಜನಕ ಗಮನಿಸಬಹುದು. ಸಿಪ್ಯಾಪ್ ಇದ್ದರೆ ಹಲ್ಲುಜ್ಜುವ ಬ್ರಷ್ ಜತೆಗೇ ಚೀಲಕ್ಕೆ ಹಾಕಿ.

ಮೂರು ವರ್ಷದ ಹಿಂದೆ ಅಂಗುಳದ ಆಪರೇಷನ್ ಆಗಿತ್ತು. ಗೊರಕೆ ಮರಳಿದೆ. ಮತ್ತೆ ಮಾಡಿಸಬೇಕೇ? – ಓದುಗ, ಹಾಸನ

ತೂಕ ಎಷ್ಟು ಏರಿದೆ ನೋಡಿಕೊಳ್ಳಿ, ಮರಳುವುದಕ್ಕೆ ಸಾಮಾನ್ಯ ಕಾರಣ ಅದೇ. ಎರಡನೆಯದು, ಅಂದು ಅಂಗುಳ ಸರಿಹೋಗಿ ನಾಲಿಗೆಯ ಬುಡ ಹಾಗೇ ಉಳಿದಿರಬಹುದು. ಮೂರನೆಯದು, ಹೊಲಿಗೆಯ ಜಾಗ ಎಳೆದುಕೊಂಡು ಮೂಗಿನ ಹಿಂದಿನ ದಾರಿ ಕಿರಿದಾಗಿರಬಹುದು. ಮೂಗಿನಿಂದ ಉಸಿರಾಡುವುದೇ ಕಷ್ಟವಾದರೆ ಇದನ್ನು ಶಂಕಿಸಿ. ಸ್ಲೀಪ್ ಸ್ಟಡಿ ಮತ್ತೆ ಮಾಡಿಸಿ, ಹಳೆಯದರ ಪಕ್ಕ ಇಟ್ಟು ನೋಡಿ. ಅಂದು ಮಾಡಿಸಿಯೇ ಇರಲಿಲ್ಲವಾದರೆ ಈಗಿನದೇ ಮೊದಲ ವರದಿ, ಹೊಸ ರೋಗಿಯಂತೆ ಶುರುಮಾಡಿ. ಅಂಗಾತ ಮಲಗಿದಾಗ ಮಾತ್ರ ಎಎಚ್‌ಐ ಏರುತ್ತಿದ್ದರೆ ಬನಿಯನ್ನಿನ ಬೆನ್ನಿಗೆ ಜೇಬು ಹೊಲಿಸಿ ಟೆನಿಸ್ ಚೆಂಡು ಇಟ್ಟು ಒಂದು ತಿಂಗಳು ಮಗ್ಗುಲಾಗಿ ಮಲಗಿ ನೋಡಿ. ಆಗಲೂ ತಗ್ಗದಿದ್ದರೆ ಡೈಸ್, ಅದರಲ್ಲಿ ಕಂಡ ಜಾಗಕ್ಕೆ ಮಾತ್ರ ಎರಡನೇ ಆಪರೇಷನ್. ಹಳೆಯ ಡಿಸ್ಚಾರ್ಜ್ ಪತ್ರ ಹುಡುಕಿ ಒಯ್ಯಿರಿ. ಅಂದು ಏನನ್ನು ತೆಗೆದರು, ಏನನ್ನು ಉಳಿಸಿದರು ಎಂಬುದು ಅದರಲ್ಲೇ ಇರುತ್ತದೆ.